ಮಾವನ ಲಾಗಿನ್ ಅಳಿಸಿದ ಮಧ್ಯಾಹ್ನ

ನನಗೆ ಸಿಟ್ಟು ಬಂದರೆ ಮೊದಲು ಕೈ ಓಡುತ್ತದೆ, ಬುದ್ಧಿ ಆಮೇಲೆ ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಚಿಕ್ಕವಳಿದ್ದಾಗ ಈ ಗುಣಕ್ಕೆ ಎರಡು ಸ್ಲೇಟು ಒಡೆದಿದ್ದವು, ಅಮ್ಮನ ಹಿತ್ತಾಳೆ ಚೊಂಬು ನೆಗ್ಗಿತ್ತು. ದೊಡ್ಡವಳಾದ ಮೇಲೆ ಹಾಳಾದದ್ದು ಒಬ್ಬ ವಯಸ್ಸಾದವರ ಮೂರು ವರ್ಷದ ಕೆಲಸ. ಅದೂ ನನ್ನದಲ್ಲದ ಕೆಲಸ. ಇದನ್ನು ಇಷ್ಟು ದಿನ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಹೇಳಬೇಕಾಗಿದ್ದವರಿಗೆ ಹೇಳಿದೆ, ಆದರೆ ಹೊತ್ತು ಮೀರಿದ ಮೇಲೆ ಹೇಳಿದೆ.

ಚಾಮರಾಜನಗರದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ನನ್ನ ಕಂಪ್ಯೂಟರ್ ಸೆಂಟರ್. ಜೆರಾಕ್ಸು, ಪಹಣಿ, ಜಾತಿ-ಆದಾಯದ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಇವೇ ದಿನದ ಕೆಲಸ. ಜನ ಕಡಿಮೆ ಇದ್ದಾಗ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಎಲ್ಲವನ್ನೂ ಮೊದಲಿನಿಂದ ಬರೆಯುವಷ್ಟು ವ್ಯವಧಾನ ನನಗೆಲ್ಲಿದೆ? ಫ್ರೇಮ್‌ವರ್ಕ್ ಅಂತ ಇರುತ್ತದೆ, ಮನೆ ಕಟ್ಟುವವರಿಗೆ ಬಾಗಿಲು ಕಿಟಕಿಗಳ ಚೌಕಟ್ಟು ತಯಾರಾಗಿ ಸಿಕ್ಕ ಹಾಗೆ. ನಾವು ಗೋಡೆ ಎಬ್ಬಿಸಿಕೊಂಡರೆ ಆಯಿತು. ಯಾರು ಒಳಗೆ ಬರಬಹುದು, ಬಂದವರು ಏನು ಮುಟ್ಟಬಹುದು ಅನ್ನುವ ಬೀಗದ ಕೆಲಸವನ್ನೂ ಅದೇ ಅರ್ಧ ಮಾಡಿಕೊಟ್ಟಿರುತ್ತದೆ.

ನಾನು ಹೇಳಹೊರಟ ಈ ವೆಬ್‌ಸೈಟಿನ ಕೆಲಸ ನನ್ನ ಕೈಗೆ ಬಂದದ್ದು ನಮ್ಮ ಮೇಷ್ಟ್ರಿಂದ. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಅವರು. ಹತ್ತನೆಯದು ಮುಗಿದ ಮೇಲೆ ನಮ್ಮಪ್ಪ ಓದು ಸಾಕು ಅಂದಾಗ, ಮೂರು ಸಂಜೆ ಸೈಕಲ್ ತುಳಿದುಕೊಂಡು ನಮ್ಮ ಹಳ್ಳಿಗೆ ಬಂದು ಜಗಲಿ ಮೇಲೆ ಕೂತರು. ಮೂರನೆಯ ಸಂಜೆ ಅಪ್ಪ ಸೋತರು. ಮೇಷ್ಟ್ರು ಅವತ್ತು ಬರದಿದ್ದರೆ ನಾನು ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಆದ್ದರಿಂದ ಅವರಿಗೆ ಇಲ್ಲ ಅನ್ನುವ ಅಭ್ಯಾಸ ನನ್ನ ನಾಲಿಗೆಗೆ ಇರಲಿಲ್ಲ.

ರಿಟೈರಾದ ಮೇಲೆ ಅವರು ಏಳೆಂಟು ಜನರ ಒಂದು ಬಳಗ ಕಟ್ಟಿಕೊಂಡಿದ್ದರು. ಭಾನುವಾರ ಅವರ ಮನೆಯ ವರಾಂಡದಲ್ಲಿ ಸೇರುವುದು, ಕಾಫಿ ಕುಡಿಯುವುದು, ನಮ್ಮ ಸೀಮೆಯ ಹಳೆಯ ಸಂಗತಿಗಳನ್ನು ಕೂಡಿಹಾಕುವುದು. ಮೊದಲು ಕೆರೆ ಬಾವಿಗಳ ಪಟ್ಟಿ ಮಾಡಿದರು. ಆಮೇಲೆ ಹೊಲದ ಹೆಸರುಗಳಿಗೆ ಕೈ ಹಾಕಿದರು. ಹಿಂದೆ ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿತ್ತು. ಈಗ ಎಲ್ಲ ಸರ್ವೆ ನಂಬರು. ಆ ಹೆಸರುಗಳು ಬಾಯಲ್ಲಿದ್ದವೇ ಹೊರತು ಯಾವ ಕಾಗದದಲ್ಲೂ ಇರಲಿಲ್ಲ. ಅವನ್ನೆಲ್ಲ ಹಾಕಲು ಒಂದು ವೆಬ್‌ಸೈಟ್ ಮಾಡಿಕೊಡು ಅಂದರು, ಮಾಡಿಕೊಟ್ಟೆ.

ಮಾವ ಬಳಗಕ್ಕೆ ಬಂದದ್ದು ಹೊಲದ ಹೆಸರಿನ ಸುದ್ದಿ ಕೇಳಿಯೇ. ನನಗೆ ರಕ್ತಸಂಬಂಧವೇನೂ ಇಲ್ಲ, ಎಲ್ಲರೂ ಕರೆದ ಹಾಗೆ ನಾನೂ ಕರೆದೆ. ಗುಂಡ್ಲುಪೇಟೆಯವರು. ಕೆಲಸದಲ್ಲಿದ್ದಷ್ಟು ಕಾಲವೂ ಸರ್ವೆಯವರ ಜೊತೆ ಹೊಲ ಅಳೆಯುವ ಸರಪಳಿ ಹಿಡಿದವರು. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ತಾಲ್ಲೂಕಿನಲ್ಲಿ ಅವರು ತುಳಿಯದ ಬದು ಕಡಿಮೆ. ಮೊದಲ ದಿನ ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ವೈರಿನ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ವರಾಂಡದ ಮೂಲೆಯಲ್ಲಿ ಕೂತರು.

"ನಾನು ಸರಪಳಿ ಎಳ್ದ ಕಡೇಲೆಲ್ಲ ಎಸ್ರು ಓಯ್ತು, ನಂಬ್ರು ಬಂತು ಕಣವ್ವ," ಅಂದರು. "ನಂಗೂ ಈಗ ಮರವು ಸುರುವಾಗದೆ. ಮೈಸೂರು ಡಾಕ್ಟ್ರು ಅಂಗೇ ಏಳುದ್ರು. ಪೂರಾ ಮರ್ತೋಗಕ್ಕೆ ಮುಂಚೆ ಎಲ್ಲಾರ ಒಂದ್ಕಡೆ ಇಟ್ಬುಡನ ಅಂತ ಬಂದೆ."

ಚೀಲದ ತುಂಬ ದಿನದ ಕ್ಯಾಲೆಂಡರಿನ ಹಾಳೆಗಳು. ದಿನಾ ಬೆಳಿಗ್ಗೆ ಒಂದು ಹಾಳೆ ಹರಿದು, ಅದರ ಬೆನ್ನಿಗೆ ನೆನಪಿಗೆ ಬಂದ ಹೊಲದ ಹೆಸರು, ಊರು, ಅಕ್ಕಪಕ್ಕದ ಗುರುತು ಬರೆದು ದಾರ ಕಟ್ಟಿಟ್ಟಿದ್ದರು. ಅಕ್ಷರ ದುಂಡಗಿತ್ತು. ಅವತ್ತು ನಾನು ಜಾಣೆಯ ಹಾಗೆ ಒಂದು ಮಾತು ಹೇಳಿದೆ. "ಚೀಟಿ ಎಲ್ಲ ಯಾಕೆ ಹೊತ್ಕೊಂಡು ತಿರುಗ್ತೀರಿ ಮಾವ? ಇಲ್ಲಿ ಹಾಕಿದ ಮೇಲೆ ಅವನ್ನ ಇಟ್ಕೊಳ್ಳೋದೇ ಬೇಡ." ಅವರು ತಲೆಯಾಡಿಸಿದರು. ಕಂಪ್ಯೂಟರ್ ಬಲ್ಲವಳ ಮಾತು ಅಂತ ನಂಬಿದರು.

ಆಗ ನಮ್ಮ ವೆಬ್‌ಸೈಟಿಗೆ ಎಲ್ಲರಿಗೂ ಸೇರಿ ಒಂದೇ ಲಾಗಿನ್ ಇತ್ತು. ಪಾಸ್‌ವರ್ಡನ್ನು ಮೇಷ್ಟ್ರ ವರಾಂಡದ ಗೋಡೆಯಲ್ಲಿ ಕ್ಯಾಲೆಂಡರಿನ ಮೇಲ್ಗಡೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಹಾಲು ಹಾಕಲು ಬರುವವರಿಗೂ ಅದು ಬಾಯಿಪಾಠವಾಗಿತ್ತು. ಒಂದು ಭಾನುವಾರ ನೋಡಿದರೆ ಒಂದು ಊರಿನ ಬಾವಿಗಳೆಲ್ಲ ಮಾಯ. ಯಾರು ಅಳಿಸಿದರು ಅಂತ ಗೊತ್ತಾಗಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡಿದರು. ಆ ಊರಿನ ಪಟ್ಟಿ ಕಾಗದದಲ್ಲಿ ಇದ್ದದ್ದರಿಂದ ಮತ್ತೆ ಹಾಕಿದೆವು. ಮೇಷ್ಟ್ರು ನನ್ನನ್ನು ಕರೆದು, "ಇದಕ್ಕೊಂದು ಕಟ್ಟುಪಾಡು ಮಾಡಮ್ಮಾ. ಯಾರು ಏನು ಮಾಡಬಹುದು, ಏನು ಮಾಡಬಾರದು ಅಂತ ಇರಲಿ," ಅಂದರು.

ಎರಡು ವಾರ ಕೂತು ಮಾಡಿದೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್. ಮೂರು ಗುಂಪು: ನೋಡುವವರು, ಬರೆಯುವವರು, ಒಪ್ಪುವವರು. ಬಳಗಕ್ಕೆ ಅದನ್ನು ತಿಳಿಸಿ ಹೇಳಲು ನಮ್ಮ ಮನೆಯ ರೇಷ್ಮೆ ಹುಳುಮನೆಯನ್ನು ನೆನಪು ಮಾಡಿಕೊಂಡೆ. ಅಮ್ಮ ಹುಳು ಸಾಕುತ್ತಿದ್ದಾಗ ಮಕ್ಕಳು ಕಿಟಕಿಯಿಂದ ನೋಡಬಹುದಿತ್ತು, ಅಷ್ಟೇ. ಅಪ್ಪ ಹಿಪ್ಪುನೇರಳೆ ಸೊಪ್ಪನ್ನು ಬಾಗಿಲ ತನಕ ತಂದು ಇಳಿಸಬಹುದಿತ್ತು. ಬ್ಲೀಚಿಂಗ್ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋಗಿ ತಟ್ಟೆ ಮುಟ್ಟುವುದು ಅಮ್ಮ ಒಬ್ಬಳೇ. ಇದೂ ಹಾಗೇ ಅಂದೆ. ಎಲ್ಲರೂ ಒಂದು ಕಾಲಕ್ಕೆ ಮನೆಯಲ್ಲಿ ಹುಳು ಸಾಕಿದ್ದವರೇ, ತಕ್ಷಣ ತಿಳಿಯಿತು.

ಮಾವ ಕೈ ಎತ್ತಿ ಕೇಳಿದರು. "ಇವ್ರೆಲ್ಲಾರ್ಗೂ ಮೇಲೆ ಯಾರವ್ವ?"

"ನಾನು ಮಾವ," ಅಂದೆ. "ನಾನು ಏನು ಬೇಕಾದ್ರೂ ಮಾಡಬಹುದು. ಯಾಕೆ ಅಂತ ಅದು ನನ್ನ ಕೇಳಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಒಳಗೊಳಗೇ ಬೀಗಿದೆ.

ಇನ್ನೊಂದು ನಿಯಮವನ್ನೂ ಸೇರಿಸಿದ್ದೆ. ಯಾರು ಬರೆದರೋ ಅವರು ತಾವು ಬರೆದದ್ದನ್ನು ಯಾವಾಗ ಬೇಕಾದರೂ ತಿದ್ದಬಹುದು. ಪ್ರತಿ ಹೊಲದ ಹೆಸರನ್ನೂ ಅದನ್ನು ಬರೆದವರ ಲಾಗಿನ್ನಿಗೆ ಕಟ್ಟಿಹಾಕಿದ್ದೆ. ಈ ನಿಯಮ ಮಾಡಿದ್ದು ಹೆಚ್ಚಾಗಿ ಮಾವನಿಗೋಸ್ಕರ. ಬಾವಿಗಳ ಕಥೆ ಕೇಳಿ ಅವರಿಗೆ ದಿಗಿಲಾಗಿತ್ತು. "ನೀವು ಬರೆದದ್ದು ನಿಮ್ಮ ಹೆಸರಿಗೆ ಕಟ್ಟಿರ್ತದೆ ಮಾವ. ಯಾರೂ ಕಿತ್ಕೊಳಕ್ಕಾಗಲ್ಲ," ಅಂತ ಮಾತು ಕೊಟ್ಟೆ.

ಅಲ್ಲಿಂದ ಮೂರು ವರ್ಷ ಮಾವ ಬಿಡುವಿಲ್ಲದೆ ತಿರುಗಿದರು. ಒಮ್ಮೆ ನಾನೂ ಅವರ ಜೊತೆ ಹರದನಹಳ್ಳಿಗೆ ಹೋಗಿದ್ದೆ. ಅರಿಶಿನದ ಹೊಲದಲ್ಲಿ ಒಬ್ಬ ಅಜ್ಜಿ ಕಳೆ ಕೀಳುತ್ತಿದ್ದರು. ನಾನು ಬದುವಿನ ಮೇಲೆ ನಿಂತು, "ಅಜ್ಜಿ, ಈ ಹೊಲಕ್ಕೆ ಏನು ಹೆಸರು?" ಅಂತ ಸರ್ಕಾರಿ ಗಣತಿಯವರ ಹಾಗೆ ಕೇಳಿದೆ. "ಒಲಕ್ಕೆ ಎಂತ ಎಸ್ರವ್ವ, ಒಲ ಅಂತೀವಿ," ಅಂದರು. ನಾನು ಫೋನು ಜೇಬಿಗೆ ಹಾಕಿಕೊಂಡೆ. ಮಾವ ನನ್ನ ಕಡೆ ನೋಡಿ, ಚಪ್ಪಲಿ ಕಳಚಿ ಒಳಗಿಳಿದರು. ಅಜ್ಜಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಕೊಟ್ಟರು. ಈ ಸಲದ ಗೆಡ್ಡೆ, ಮಳೆ, ಹಂದಿ ಕಾಟ, ಎಲ್ಲ ಮಾತಾಡಿದರು. ಆಮೇಲೆ ಕೇಳಿದರು, "ಬುತ್ತಿ ತರ ಎಣ್ಣೈಕ್ಳಿಗೆ ಎಲ್ಲಿಗೆ ತನ್ನಿ ಅಂತ ಏಳಿಯಕ್ಕ?"

"ಜೋಡಿಬಾವಿ ಒಲಕ್ಕೆ ತನ್ನಿ ಅಂತೀನಿ," ಅಂದರು ಅಜ್ಜಿ, ಕಳೆ ಕೀಳುತ್ತಲೇ.

ಮಾವ ತಿರುಗಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಹೆಸರು ಕೇಳಿದರೆ ಜನ ಹೇಳುವುದಿಲ್ಲ, ಊಟ ಎಲ್ಲಿಗೆ ತರಬೇಕು ಅಂತ ಕೇಳಬೇಕು. ಹೀಗೆ ಒಂದೊಂದು ಹೊಲಕ್ಕೂ ಅವರ ಒಂದೊಂದು ಬೆಳಗು ಹೋಗುತ್ತಿತ್ತು. ಸಂಜೆ ಗುಂಡ್ಲುಪೇಟೆಯಲ್ಲಿ, ಕೇರಳದ ಲಾರಿಗಳಿಗೆ ತರಕಾರಿ ತುಂಬುವ ಗದ್ದಲದ ಪಕ್ಕದಲ್ಲೇ ಇರುವ ಮನೆಯಲ್ಲಿ ಕೂತು, ಒಂದೇ ಬೆರಳಲ್ಲಿ ಫೋನಿನಲ್ಲಿ ಒತ್ತಿ ಒತ್ತಿ ಹಾಕುತ್ತಿದ್ದರು. ಹೆಸರಿನ ಕೆಳಗೆ ಅದು ಯಾಕೆ ಬಂತು ಅಂತ ನಾಲ್ಕು ಸಾಲು ಇರುತ್ತಿತ್ತು.

ಜಗಳ ಹುಟ್ಟಿದ್ದು ಅಂಥ ನಾಲ್ಕು ಸಾಲಿನಿಂದ. ಉಮ್ಮತ್ತೂರಿನ ಒಂದು ಹೊಲಕ್ಕೆ ಮಾವ ಹೀಗೆ ಬರೆದಿದ್ದರು: "ಸೂಲಗಿತ್ತಿ ಹೊಲ. ಊರಿನ ಹೆರಿಗೆಗಳನ್ನು ಮಾಡಿಸುತ್ತಿದ್ದ ಹೆಂಗಸಿಗೆ ಊರವರು ಬಿಟ್ಟುಕೊಟ್ಟಿದ್ದ ಹೊಲ. ಆಕೆಗೆ ಮಕ್ಕಳಿರಲಿಲ್ಲ. ಕಡೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಊರಲ್ಲಿ ಹೇಳುತ್ತಾರೆ." ಒತ್ತಿಸಿಕೊಂಡವರು ಯಾರು ಅಂತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಹೊಲ ಇವತ್ತು ನಮ್ಮ ಮೇಷ್ಟ್ರ ಮನೆತನದ್ದು. ಅವರ ತಾತನ ಕಾಲದಿಂದ ಬಂದದ್ದು.

ಮೇಷ್ಟ್ರು ಒಪ್ಪುವವರ ಗುಂಪಿನಲ್ಲಿದ್ದರು, ಬೇರೆಯವರು ಬರೆದದ್ದನ್ನೂ ತಿದ್ದಬಹುದಿತ್ತು. ಆ ನಾಲ್ಕು ಸಾಲು ತೆಗೆದು, ಹೆಸರನ್ನು "ಮೇಲಿನ ಹೊಲ" ಅಂತ ಬದಲಾಯಿಸಿದರು. ಮಾರನೆಯ ದಿನ ಮಾವ ಅದನ್ನು ಮತ್ತೆ ಸೂಲಗಿತ್ತಿ ಹೊಲ ಮಾಡಿದರು. ಮೇಷ್ಟ್ರು ತಿರುಗಿ ಮೇಲಿನ ಹೊಲ ಮಾಡಿದರು. ಇಬ್ಬರೂ ಎದುರಾಬದುರು ಒಂದು ಮಾತು ಆಡಲಿಲ್ಲ. ಭಾನುವಾರ ಅಕ್ಕಪಕ್ಕ ಕೂತು ಕಾಫಿ ಕುಡಿದರು. ಮನೆಗೆ ಹೋಗಿ ಮತ್ತೆ ತಿದ್ದಿದರು.

ನಾನು ಮಾವನಿಗೆ ಫೋನ್ ಮಾಡಿ, "ಒಂದು ಹೊಲ ತಾನೆ, ಬಿಟ್ಟುಬಿಡಿ ಮಾವ," ಅಂದೆ.

"ಮೇಷ್ಟ್ರು ಒಳ್ಳೇರು ಕಣವ್ವ, ನಾನಿಲ್ಲ ಅನ್ನಕಿಲ್ಲ," ಅಂದರು. "ಆದ್ರೆ ಒಲ ಅವ್ರ್ದಾದ್ರೂ ಎಸ್ರು ಅವ್ರ್ದಲ್ಲ. ಆ ಎಂಗ್ಸು ಎಷ್ಟು ಮಕ್ಳ ಈಚೆಗೆ ಎಳ್ದವ್ಳೆ. ಅವ್ಳ್ದು ಅಂತ ಉಳ್ದಿರದೇ ಆ ಎಸ್ರೊಂದು."

ಮೇಷ್ಟ್ರೂ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕೋಚವಿತ್ತು. "ನಮ್ಮ ತಾತ ಏನು ಮಾಡಿದರೋ ನಾನು ಕಂಡಿಲ್ಲಮ್ಮಾ. ಊರ ಬಾಯಿಗೆ ಬಂದದ್ದನ್ನೆಲ್ಲ ಬರೆದಿಟ್ಟರೆ ನಾಳೆ ನನ್ನ ಮೊಮ್ಮಕ್ಕಳು ಓದ್ತಾರೆ. ಮಾವನಿಗೆ ಸ್ವಲ್ಪ ದಿನ ಬರೆಯೋದಕ್ಕೆ ಆಗದ ಹಾಗೆ ಮಾಡು. ಆಮೇಲೆ ನಾನೇ ಕೂತು ಮಾತಾಡ್ತೀನಿ."

ಮೂರು ಸಂಜೆ ಸೈಕಲ್ ತುಳಿದು ಬಂದವರ ಮಾತು. ನಾನು ಆಯಿತು ಸಾರ್ ಅಂದೆ. ಆಗಲ್ಲ ಅನ್ನಬೇಕಿತ್ತು. ಕನಿಷ್ಠ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಕಿತ್ತು. ನಾನು ಮಾವನನ್ನು ಬರೆಯುವವರ ಗುಂಪಿನಿಂದ ತೆಗೆದು ನೋಡುವವರ ಗುಂಪಿಗೆ ಹಾಕಿದೆ. ಅವರಿಗೆ ಒಂದು ಮಾತೂ ಹೇಳಲಿಲ್ಲ.

ಎರಡು ದಿನ ಕಳೆಯಿತು. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ. ಸೆಂಟರಿನ ತುಂಬ ಮಕ್ಕಳು, ಅವರ ಅಪ್ಪ ಅಮ್ಮಂದಿರು. ಸರ್ಕಾರದ ಸೈಟು ತೆರೆಯುತ್ತಿಲ್ಲ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ನಾನಿನ್ನೂ ಊಟ ಮಾಡಿಲ್ಲ. ಆಗ ಮೇಷ್ಟ್ರ ಫೋನು. "ಬೀಗ ಹಾಕಿದ್ದೀನಿ ಅಂದೆಯಲ್ಲಮ್ಮಾ? ಮತ್ತೆ ಸೂಲಗಿತ್ತಿ ಹೊಲ ಆಗಿದೆ. ನಿನಗೆ ಬರದಿದ್ದರೆ ಬೇರೆ ಯಾರನ್ನಾದರೂ ಕೇಳೋಣ."

ಆ ಕೊನೆಯ ಮಾತಿಗೆ ಸಿಟ್ಟು ನೆತ್ತಿಗೇರಿತು. ತೆಗೆದು ನೋಡಿದೆ. ಹೌದು, ಮಾವ ಮತ್ತೆ ತಿದ್ದಿದ್ದರು. ಬರೆಯುವವರ ಗುಂಪಿನಿಂದ ತೆಗೆದರೂ, ತಾವು ಬರೆದದ್ದನ್ನು ತಾವು ತಿದ್ದಬಹುದು ಅನ್ನುವ ನನ್ನದೇ ನಿಯಮ ಅವರಿಗೆ ದಾರಿ ಬಿಟ್ಟುಕೊಟ್ಟಿತ್ತು. ನಾನೇ ಮಾತು ಕೊಟ್ಟ ನಿಯಮ. ನನಗೆ ಆಗ ಅದು ನೆನಪಾಗಲಿಲ್ಲ. ನನ್ನ ಬೀಗ ಸೋರುತ್ತಿದೆ ಅನ್ನುವುದೊಂದೇ ತಲೆಯಲ್ಲಿತ್ತು. ಈ ಇಬ್ಬರು ಮುದುಕರ ನಡುವೆ ನನ್ನ ಮರ್ಯಾದೆ ಹೋಗುತ್ತಿದೆ ಅಂತ ಉರಿಯಿತು.

ಫ್ರೇಮ್‌ವರ್ಕಿನಲ್ಲಿ ಪ್ರತಿ ಬಳಕೆದಾರರ ಹೆಸರಿನ ಕೆಳಗೆ ಒಂದು ಪುಟ್ಟ ಚೌಕವಿರುತ್ತದೆ. ಅದರಲ್ಲಿರುವ ಟಿಕ್ ತೆಗೆದರೆ ಸಾಕು, ಆ ಮನುಷ್ಯ ಒಳಗೆ ಬರಲಾರ, ಆದರೆ ಅವನು ಬರೆದದ್ದೆಲ್ಲ ಇದ್ದ ಹಾಗೇ ಇರುತ್ತದೆ. ಯಾರನ್ನೂ ಅಳಿಸಬೇಡಿ, ಈ ಟಿಕ್ ತೆಗೆಯಿರಿ ಅಂತ ಅದರ ಪಕ್ಕದಲ್ಲೇ ಬರೆದಿರುತ್ತದೆ. ನಾನು ಅದನ್ನು ಕಲಿಯುವಾಗ ಓದಿದ್ದೆ. ಬೇರೆಯವರಿಗೆ ಹೇಳಿಕೊಟ್ಟೂ ಇದ್ದೆ. ಅವತ್ತು ನನ್ನ ಕೈ ಅದಕ್ಕಿಂತ ಕೆಳಗಿದ್ದ ಕೆಂಪು ಬಟನ್ನಿಗೆ ಹೋಯಿತು. ಅಳಿಸು.

ಅದು ಕೂಡಲೇ ಅಳಿಸಲಿಲ್ಲ. ಪಾಪ, ಅದಕ್ಕಿದ್ದ ತಾಳ್ಮೆ ನನಗಿರಲಿಲ್ಲ. ಇನ್ನೊಂದು ಪುಟ ತೆರೆದು ಕೇಳಿತು: ಈ ಬಳಕೆದಾರರನ್ನು ಅಳಿಸಿದರೆ ಇವರಿಗೆ ಸೇರಿದ ಕೆಳಗಿನವೂ ಅಳಿಸಿಹೋಗುತ್ತವೆ, ಖಂಡಿತವೇ? ಕೆಳಗೆ ಪಟ್ಟಿ. ಒಂದರ ಕೆಳಗೊಂದು ಹೊಲಗಳು. ಮಾವ ಮೂರು ವರ್ಷ ಬದುಗಳ ಮೇಲೆ ಕೂತು, ಎಲೆ ಅಡಿಕೆ ಕೊಟ್ಟು ಕೇಳಿ ತಂದ ಒಂದೊಂದು ಹೆಸರೂ ಅಲ್ಲಿತ್ತು. ಖಂಡಿತ ಅನ್ನುವ ಬಟನ್ ಪಟ್ಟಿಯ ಕೊನೆಯಲ್ಲಿತ್ತು. ನಾನು ಅಷ್ಟುದ್ದದ ಪಟ್ಟಿಯನ್ನು ಬೆರಳಿಂದ ಸರ್ರನೆ ಮೇಲಕ್ಕೆ ತಳ್ಳಿ ಬಟನ್ನಿನ ತನಕ ಹೋದೆ. ಅಷ್ಟೂ ಹೆಸರು ನನ್ನ ಕಣ್ಣ ಮುಂದೆ ಹಾದುಹೋದವು. ಒಂದನ್ನೂ ಓದಲಿಲ್ಲ. "ಅಕ್ಕಾ, ಪ್ರಿಂಟು," ಅಂತ ಯಾರೋ ಕೂಗಿದರು. ಬಂದೆ ಬಂದೆ ಅನ್ನುತ್ತ ಒತ್ತಿದೆ.

ಆಮೇಲೆ ಪ್ರಿಂಟರಿನ ಕಾಗದ ಬಿಡಿಸಿದೆ. ಊಟ ಮಾಡಿದೆ. ಅವತ್ತಿನ ಊಟದಲ್ಲಿ ಮೊಸರಿತ್ತು ಅನ್ನುವುದೂ ನೆನಪಿದೆ.

ನಾಲ್ಕು ಗಂಟೆಗೆ ಮೇಷ್ಟ್ರು ಫೋನ್ ಮಾಡಿದರು. "ಹರದನಹಳ್ಳಿ ಕಡೆ ಹೊಲ ಯಾವುದೂ ಕಾಣ್ತಿಲ್ಲವಲ್ಲಮ್ಮಾ. ಗುಂಡ್ಲುಪೇಟೆ ಕಡೆದೂ ಇಲ್ಲ."

ಆಗ ಬುದ್ಧಿ ಬಂತು, ಹಿಂದಿನಿಂದ, ನಿಧಾನಕ್ಕೆ. ಬ್ಯಾಕಪ್ ನೋಡಿದೆ. ಕೊನೆಯ ಬ್ಯಾಕಪ್ ಮಾವನಿಗೆ ಲಾಗಿನ್ ಮಾಡಿಕೊಡುವುದಕ್ಕೂ ಮುಂಚಿನದು. ದಿನಾ ತಾನಾಗಿಯೇ ಬ್ಯಾಕಪ್ ಆಗುವ ಹಾಗೆ ಮಾಡಬೇಕು ಅಂತ ಚೀಟಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದೆ. ಚೀಟಿ ಇನ್ನೂ ಅಲ್ಲೇ ಇತ್ತು, ಬಿಸಿಲಿಗೆ ಬಣ್ಣ ಹೋಗಿತ್ತು. ಸರ್ವರಿನ ಕಂಪನಿಯವರನ್ನು ಕೇಳಿದೆ, ಮೈಸೂರಿನ ಗೆಳತಿಯನ್ನು ಕೇಳಿದೆ. ಇಲ್ಲ ಅಂದರು. ಮಕ್ಕಳೆಲ್ಲ ಹೋದ ಮೇಲೆ ಷಟರ್ ಅರ್ಧ ಎಳೆದುಕೊಂಡು ಅತ್ತೆ.

ಮೇಷ್ಟ್ರ ಮನೆಗೆ ಹೋಗಿ ಹೇಳಿದಾಗ ಅವರು ಕುರ್ಚಿಯ ಕೈ ಹಿಡಿದುಕೊಂಡರು. "ನಾನು ಹೇಳಿದ್ದು ಆ ಒಂದು ಹೊಲದ ಮಾತು ಕಣಮ್ಮಾ," ಅಂದರು. ಆ ಮಾತಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆಮೇಲೆ, "ನಾನೂ ಬರ್ತೀನಿ. ಇಬ್ಬರೂ ಹೋಗಿ ಹೇಳಿಬಿಡೋಣ," ಅಂದರು. ನಾನು ಬೇಡ ಸಾರ್, ತಪ್ಪು ನನ್ನದು, ನಾನೇ ಹೇಳುತ್ತೇನೆ ಅಂದೆ. ದೊಡ್ಡ ಧೈರ್ಯಸ್ಥೆಯ ಹಾಗೆ ಅಂದೆ.

ಮಾರನೆಯ ದಿನ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವಾಗ ಮಳೆ ಶುರುವಾಯಿತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಗುಂಡ್ಲುಪೇಟೆಯಲ್ಲಿ ಇಳಿದು, ಛತ್ರಿ ಇಲ್ಲದೆ, ಮಾವನ ಮನೆ ತಲುಪುವ ಹೊತ್ತಿಗೆ ಪೂರಾ ನೆನೆದಿದ್ದೆ. ಅವರ ಸೊಸೆ ಟವೆಲ್ ಕೊಟ್ಟಳು. ಮಾವ ಒಳಗೆ ಸ್ನಾನ ಮಾಡುತ್ತಿದ್ದರು. ಎದೆಯಲ್ಲಿ ಒಂದು ಆಸೆ ಇತ್ತು, ಅದನ್ನೇ ಮೊದಲು ಕೇಳಿದೆ. "ಮಾವ ಬರೆದಿಟ್ಟಿದ್ದ ಕ್ಯಾಲೆಂಡರ್ ಹಾಳೆಗಳು ಇದಾವಾ?"

"ಅಯ್ಯೋ, ಅವು ಎಲ್ಲಿದ್ದವಕ್ಕ," ಅಂದಳು. "ಕಂಪ್ಯೂಟ್ರಿಗೆ ಆಕಾದ್ಮೇಲೆ ಬ್ಯಾಡ ಅಂತ ನೀವೇ ಏಳಿದ್ರಂತಲ್ಲ. ಅವ್ರೇ ಒಂದೊಂದಾಗಿ ತಂದು ಕೊಟ್ರು. ನೀರೊಲೆಗೆ ಆಕ್ಬುಟ್ಟೆ."

ಬಚ್ಚಲಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮಾವ ಬಂದರು. ನನ್ನನ್ನು ಕಂಡು ಮುಖ ಅರಳಿತು. "ಏನ್ ಕೂಸು, ಇಷ್ಟು ಮಳೇಲಿ?"

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಸರ್ವರ್ ಕೆಟ್ಟೋಯ್ತು ಮಾವ," ಅಂದೆ. "ನೀವು ಹಾಕಿದ್ದೆಲ್ಲ ಹೋಯ್ತು."

ಅವರು ತಲೆ ಒರೆಸುತ್ತಿದ್ದ ಕೈ ನಿಲ್ಲಿಸಿದರು. "ಎಲ್ಲಾನೂವಾ?"

"ಎಲ್ಲಾನೂ."

ಅಲ್ಲೇ ಕೂತರು. ಹೊರಗೆ ಲಾರಿಯವರು ಮಲಯಾಳದಲ್ಲಿ ಕೂಗಾಡುತ್ತಿದ್ದರು. ಸೊಸೆಗೆ, "ಮಗಿಗೆ ಬಿಸಿಯಾಗಿ ಏನಾರ ಕೊಡವ್ವ, ನಡುಗ್ತಾ ಅದೆ," ಅಂದರು. ನನ್ನ ಕಡೆ ತಿರುಗಿ, "ಬುಡು. ತಿರ್ಗ ಓಗನ. ಒಲ ಎಲ್ಲಿಗೋದಾವು," ಅಂದರು. ಅವರು ಬೈಯಲಿಲ್ಲ, ಅನುಮಾನಪಡಲಿಲ್ಲ. ನಾನು ಕಾಫಿ ಕುಡಿದು ಬಸ್ಸು ಹತ್ತಿದೆ.

ಅಲ್ಲಿಂದಾಚೆ ಎಂಟು ತಿಂಗಳು ಪ್ರತಿ ಭಾನುವಾರ ನಾನು ಅವರ ಜೊತೆ ಹೋದೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಿದೆ, ಸಿಕ್ಕ ಹೆಸರುಗಳನ್ನು ನನ್ನ ಲಾಗಿನ್ನಿನಲ್ಲೇ ಹಾಕಿದೆ. ಅವರು ಅದನ್ನು ನನ್ನ ಪ್ರೀತಿ ಅಂದುಕೊಂಡರು. ಪ್ರೀತಿಯೂ ಇತ್ತು, ಸುಳ್ಳಲ್ಲ. ಆದರೆ ಹೊಲ ಎಲ್ಲಿಗೂ ಹೋಗದಿದ್ದರೂ ಜನ ಹೋಗಿದ್ದರು. ಹರದನಹಳ್ಳಿಯ ಅಜ್ಜಿ ತೀರಿಕೊಂಡಿದ್ದರು. ಜೋಡಿಬಾವಿ ಹೊಲದ ಹೆಸರು ನನಗೆ ಗೊತ್ತಿತ್ತು, ಹಾಕಿದೆ. ಅದರ ಆಚೆಗಿನ ನಾಲ್ಕೈದು ಹೊಲಗಳ ಹೆಸರನ್ನು ಆ ಅಜ್ಜಿಯೇ ಮಾವನಿಗೆ ಹೇಳಿದ್ದರಂತೆ. ಅವರ ಮಗನನ್ನು ಕೇಳಿದರೆ ಸರ್ವೆ ನಂಬರು ಹೇಳಿದ.

ಮಾವನ ಮರೆವು ನಮಗಿಂತ ಜೋರಾಗಿ ಓಡುತ್ತಿತ್ತು. ಮೊದಮೊದಲು ಹೆಸರು ಮರೆತರು. ಆಮೇಲೆ ದಾರಿ ಮರೆತರು. ಒಂದು ದಿನ ಸೆಂಟರಿನಲ್ಲಿದ್ದಾಗ ಫೋನ್ ಬಂತು. "ಕೂಸು, ತೆರಕಣಾಂಬಿ ದಾರೀಲಿ ಆಲದ ಮರದ ಪಕ್ಕ ಒಂದು ಒಲ ಅದಲ್ಲ, ಅದಕ್ಕೆ ನಾನು ಏನಂತ ಬರ್ದಿದ್ದೆ? ನಾಲ್ಗೆ ತುದೀಲದೆ, ಬರ್ನಿಲ್ಲ." ಆ ಹೆಸರು ನನ್ನ ಕಣ್ಣ ಮುಂದೆಯೇ ಹಾದುಹೋಗಿತ್ತು. ಅವರು ಬರೆದ ಮೇಲೆ ಅದನ್ನು ಕೊನೆಯದಾಗಿ ಕಂಡವಳು ನಾನು. ಗೊತ್ತಿಲ್ಲ ಮಾವ ಅಂದೆ. "ಓಗ್ಲಿ ಬುಡು," ಅಂದು ಫೋನ್ ಇಟ್ಟರು. ಈಗಲೂ ಕೆಲವು ದಿನ ಕಣ್ಣು ಮುಚ್ಚಿ ಆ ಪಟ್ಟಿಯನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ. ಬರೀ ಬೆರಳು ನೆನಪಾಗುತ್ತದೆ.

ಒಂದು ಬೆಳಿಗ್ಗೆ ಮೇಷ್ಟ್ರು ನನ್ನ ಸೆಂಟರಿಗೆ ಬಂದರು. ಅವರಾಗಿ ಬಂದದ್ದು ಅದೇ ಮೊದಲು. "ಲಾಗಿನ್ ತೆಗೆದುಕೊಡು," ಅಂದರು. ಕೂತು ಕನ್ನಡಕ ಸರಿಮಾಡಿಕೊಂಡು, "ಸೂಲಗಿತ್ತಿ ಹೊಲ, ಉಮ್ಮತ್ತೂರು," ಅಂತ ಟೈಪ್ ಮಾಡಿದರು. ಕೆಳಗಿನ ನಾಲ್ಕು ಸಾಲನ್ನೂ ಮಾವ ಬರೆದಿದ್ದ ಹಾಗೇ ಬರೆದರು. ಅಷ್ಟು ಸಲ ಅಳಿಸಿ ಅಳಿಸಿ ಅವರಿಗೆ ಬಾಯಿಪಾಠವಾಗಿತ್ತು. ಹೆಬ್ಬೆಟ್ಟಿನ ಸಾಲಿನ ಹತ್ತಿರ ಸ್ವಲ್ಪ ನಿಂತರು. ಆಮೇಲೆ "ಒತ್ತಿಸಿಕೊಂಡವರು ನನ್ನ ತಾತ" ಅಂತ ಸೇರಿಸಿ, ತಾವೇ ಒಪ್ಪಿಗೆ ಒತ್ತಿದರು. ಎದ್ದು ಹೋದರು. ನಾವು ಬಾಯಿ ಮುಚ್ಚಿಸಬೇಕೆಂದಿದ್ದ ಹೆಸರು ಪೂರ್ತಿಯಾಗಿ ವಾಪಸು ಬಂತು. ಉಳಿದವಕ್ಕೆ ಹಾಗೆ ಜಗಳ ಆಡಿದವರು ಯಾರೂ ಇರಲಿಲ್ಲ.

ಕಳೆದ ತಿಂಗಳು ಮಾವನನ್ನು ಆಸ್ಪತ್ರೆಗೆ ತೋರಿಸಲು ಸೊಸೆ ಚಾಮರಾಜನಗರಕ್ಕೆ ಕರೆದುಕೊಂಡು ಬಂದಿದ್ದಳು. ಬಸ್ಸಿಗೆ ಇನ್ನೂ ಹೊತ್ತು ಇದೆ ಅಂತ ನನ್ನ ಸೆಂಟರಿನಲ್ಲಿ ಕೂರಿಸಿದಳು. ಮಾವ ಸೊರಗಿದ್ದರು. ನನ್ನನ್ನು ಗುರುತು ಹಿಡಿದರು, ಆದರೆ ನನ್ನ ಊರನ್ನು ತಪ್ಪಾಗಿ ಹೇಳಿದರು. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಸೂಲಗಿತ್ತಿ ಹೊಲದ ಪುಟ ತೆಗೆದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

"ಯಾರವ್ವ ಬರ್ದಿರದು? ಚೆಂದಾಗಿ ತಿಳ್ಕಂಡು ಬರ್ದವ್ರೆ."

"ನೀವೇ ಮಾವ. ಮೊದಲು ಬರೆದದ್ದು ನೀವೇ."

"ನಾನಾ?" ಅಂದರು. ನಗುತ್ತ ಸೊಸೆಯ ಕಡೆ ನೋಡಿದರು, ನಾನು ತಮಾಷೆ ಮಾಡುತ್ತಿದ್ದೇನೆ ಅನ್ನುವ ಹಾಗೆ. ಪುಟದ ಕೆಳಗೆ ಬರೆದವರು ಅನ್ನುವಲ್ಲಿ ಮೇಷ್ಟ್ರ ಹೆಸರಿತ್ತು. ಮಾವನ ಹೆಸರು ಆ ಇಡೀ ವೆಬ್‌ಸೈಟಿನಿಂದ ಆ ಹಳೆಯ ನೂರಾರು ಹೊಲಗಳ ಜೊತೆಗೇ ಹೋಗಿತ್ತು.

ಇನ್ನು ತಡೆಯಲು ಆಗಲಿಲ್ಲ. ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿದೆ. "ಮಾವ, ಸರ್ವರ್ ಕೆಟ್ಟಿರಲಿಲ್ಲ. ನಿಮ್ಮ ಹೊಲಗಳನ್ನೆಲ್ಲ ಅಳಿಸಿದ್ದು ನಾನು. ಸಿಟ್ಟಲ್ಲಿ ಅಳಿಸಿಬಿಟ್ಟೆ. ನಿಮ್ಮ ಹತ್ರ ಸುಳ್ಳು ಹೇಳ್ದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು ತಟ್ಟಿದರು. "ಇಲ್ಲ ಕಣವ್ವ. ಸರ್ವರ್ ಕೆಟ್ಟೋಯ್ತಲ್ಲ. ನೀನೇ ಬಂದು ಏಳ್ದೆ, ಮಳೇಲಿ ನೆನ್ಕಂಡು. ನಂಗೆ ಚೆನ್ನಾಗಿ ಗ್ಯಾಪ್ಕ ಅದೆ." ಸೊಸೆಯ ಕಡೆ ತಿರುಗಿ, "ಈ ಕೂಸು ಸುಮ್ಕೆ ತನ್ ಮೇಲೆ ಆಕತ್ತದೆ ಕಣಮ್ಮಿ. ಯಾರಾರ ಏನಾರ ಅಂದ್ರೆ ನೀನೂ ಏಳು, ಸರ್ವರ್ ಕೆಟ್ಟೋದ್ರೆ ಇವ್ಳೇನ್ ಮಾಡಾಳು ಅಂತ," ಅಂದರು.

ಸೊಸೆ ನನ್ನ ಕಡೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮಾವನ ಚಪ್ಪಲಿಗಳನ್ನು ಅವರ ಕಾಲ ಹತ್ತಿರ ಜೋಡಿಸಿದಳು. ಅಷ್ಟು ಹೊಲದ ಹೆಸರು ಉಳಿಯದ ಆ ತಲೆಯಲ್ಲಿ ನಾನು ಹೇಳಿದ ಸುಳ್ಳು ಒಂದಕ್ಷರ ಕೆಡದೆ ಕೂತಿತ್ತು. ಅದನ್ನು ಅಳಿಸುವ ಅಧಿಕಾರ ನನಗಿರಲಿಲ್ಲ. ನಾನು ಅವರ ಕೈ ಹಿಡಿದು ಮೆಟ್ಟಿಲಿಳಿಸಿ, ಗುಂಡ್ಲುಪೇಟೆ ಬಸ್ಸಿಗೆ ಹತ್ತಿಸಿ ಬಂದೆ.